ಗಿಡ್ಡಿಯ ಎಡಗಡೆ ಸೀಟು

ನಮ್ಮ ಮನೆಯಲ್ಲಿ ಒಣಶುಂಠಿ ಜಜ್ಜುವುದು ಸ್ಪ್ಯಾನರಿನಲ್ಲಿ. ಬಂದ ನೆಂಟರು ನೋಡಿ ನಗುತ್ತಾರೆ. ನಗಲಿ. ನನಗೆ ಬುದ್ಧಿ ತಿಳಿದಾಗಿನಿಂದ ಅದು ಅಡುಗೆಮನೆಯ ಕಿಟಕಿಯಲ್ಲೇ ಇದೆ. ಅಮ್ಮನ ಕೈಯಲ್ಲಿ ಶುಂಠಿ ಜಜ್ಜಿತು, ಈಗ ನನ್ನ ಹೆಂಡತಿ ವಸಂತಳ ಕೈಯಲ್ಲೂ ಜಜ್ಜುತ್ತಿದೆ. ಒಂದು ಗೇಣು ಉದ್ದ, ಒಳ್ಳೆಯ ತೂಕ, ಹಿಡಿ ಸವೆದು ನುಣ್ಣಗಾಗಿದೆ. ಸ್ಪ್ಯಾನರ್ ಆಗಿ ಮಾತ್ರ ಅದು ಯಾವ ಕೆಲಸಕ್ಕೂ ಬಂದದ್ದಿಲ್ಲ. ಹದಿಮೂರರ ನಟ್ಟಿಗೆ ಹಾಕಿದರೆ ಜಾರುತ್ತದೆ, ಹದಿನಾಲ್ಕರದ್ದಕ್ಕೆ ಹೋಗುವುದೇ ಇಲ್ಲ. ಜೀಪು, ಪಂಪ್‌ಸೆಟ್ಟು, ಔಷಧಿ ಹೊಡೆಯುವ ಸ್ಪ್ರೇಯರು, ಎಲ್ಲದರ ಮೇಲೂ ಪ್ರಯೋಗ ಮಾಡಿ ನೋಡಿ, ನಾನು ಸಣ್ಣವನಿದ್ದಾಗಲೇ ಅದಕ್ಕೆ ದಡ್ಡ ಸ್ಪ್ಯಾನರ್ ಎಂದು ಹೆಸರಿಟ್ಟಿದ್ದೆ.

ದಡ್ಡ ಅದಲ್ಲ, ನಾನು ಎಂದು ಗೊತ್ತಾಗುವುದಕ್ಕೆ ಐವತ್ತೈದು ವರ್ಷವಾಗಬೇಕಾಯಿತು. ಮೂರು ವರ್ಷದ ಹಿಂದೆ ನಮ್ಮ ಹಳೆಯ ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ಕಳಚಿಸಿ ಹೊಸದನ್ನು ಕೂರಿಸಲು ಹೊರಟಿದ್ದೆ. ಆಲ್ದೂರಿನಿಂದ ಬಂದ ಫಿಟ್ಟರ್ ತನ್ನ ಚೀಲದಲ್ಲಿದ್ದ ಸ್ಪ್ಯಾನರುಗಳನ್ನೆಲ್ಲ ಸುರಿದುಕೊಂಡು ಬೆಳಗಿನಿಂದ ಒದ್ದಾಡಿದ. ಒಂದೂ ಕೂರಲಿಲ್ಲ. ಅಷ್ಟರಲ್ಲಿ ವಸಂತ ಅವನಿಗೆ ಶುಂಠಿ ಕಾಫಿ ತಂದಿಟ್ಟಳು. ವಾಸನೆ ಮೂಗಿಗೆ ಬಡಿದದ್ದೇ ನನಗೆ ಏನೋ ಹೊಳೆಯಿತು. ಒಳಗೆ ಹೋಗಿ ದಡ್ಡನನ್ನು ಎತ್ತಿಕೊಂಡು, ಶುಂಠಿಪುಡಿ ಒರೆಸಿ, ತಂದು ಹಾಕಿದೆ. ಕಚ್ಚಿಕೊಂಡು ಕೂತಿತು. ಇಂಗ್ಲೆಂಡಿನ ಹಳೆಯ ಯಂತ್ರಗಳ ಅಳತೆಯೇ ಬೇರೆಯಂತೆ, ಫಿಟ್ಟರ್ ಆಮೇಲೆ ಹೇಳಿದ. ಮೊದಲೇ ಗೊತ್ತಿದ್ದವನ ಹಾಗೆ ನಾನೂ ತಲೆಯಾಡಿಸಿದೆ.

ಪಲ್ಪರ್ ಹೊರಗೆ ಹೋಯಿತು. ಅದರ ಹಿಂದೆ, ಗೋಣಿಚೀಲಗಳ ರಾಶಿಯ ಕೆಳಗೆ, ಗಿಡ್ಡಿ ಕಾಣಿಸಿತು. ಕಾಣಿಸಿತು ಎಂದರೆ ಅದು ಅಲ್ಲಿರುವುದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿತ್ತು. ಆ ಕಡೆ ನೋಡದೆ ಇರುವುದು ರೂಢಿಯಾಗಿತ್ತು.

ಗಿಡ್ಡಿ ಎಂದರೆ ಕಾರು. ನಮ್ಮ ತೋಟ ಕೈಮರದಿಂದ ಅತ್ತಿಗುಂಡಿಗೆ ಏರುವ ರಸ್ತೆಯ ಮಗ್ಗುಲಲ್ಲಿದೆ. ಇಂಗ್ಲೆಂಡಿಗೆ ವಾಪಸು ಹೊರಟಿದ್ದ ಒಬ್ಬ ಬಿಳಿ ದೊರೆಯಿಂದ ಅಪ್ಪಯ್ಯ ಇದನ್ನು ಕೊಂಡಾಗ ಪಲ್ಪರಿನ ಜೊತೆ ಕಾರೂ ಬಂತು. ಎರಡೇ ಸೀಟು, ಕಪ್ಪಿಗೆ ತಿರುಗಿದ ಹಸಿರು ಬಣ್ಣ, ಸೈಕಲ್ಲಿಗಿರುವಂಥ ಕಡ್ಡಿಯ ಚಕ್ರ, ಮಡಚಿಡುವ ಕ್ಯಾನ್ವಾಸಿನ ಟಾಪು. ಇಂಗ್ಲಿಷರ ಸ್ಪೋರ್ಟ್ಸ್ ಕಾರು. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ತಿಳಿದವರು ಫೋನ್ ಮಾಡಿ ತಲೆ ತಿನ್ನುತ್ತಾರೆ, ತಿಳಿಯದವರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ನೆಲಕ್ಕೆ ತಾಗಿಕೊಂಡೇ ಓಡುತ್ತಿದ್ದ ಅದನ್ನು ನೋಡಿ ತೋಟದ ಆಳುಗಳು ನಮ್ಮ ಮಲೆನಾಡು ಗಿಡ್ಡ ದನದ ನೆನಪಿನಲ್ಲಿ ಗಿಡ್ಡಿ ಎಂದರು. ಆರಡಿ ಎತ್ತರದ ಅಪ್ಪಯ್ಯ ಭಾನುವಾರ ಚಿಕ್ಕಮಗಳೂರಿಗೆ ಹೋಗಲು ಅದರೊಳಗೆ ಇಳಿಯುವುದನ್ನು ನೋಡಲು ನಾನು ಜಗಲಿಯಲ್ಲಿ ಕಾದು ಕೂತಿರುತ್ತಿದ್ದೆ. ಮೊದಲು ಒಂದು ಕಾಲು, ಆಮೇಲೆ ಪಂಚೆ, ಆಮೇಲೆ ಇನ್ನೊಂದು ಕಾಲು.

ವಾರಕ್ಕೊಮ್ಮೆ ಗಿಡ್ಡಿಯನ್ನು ತೊಳೆದು, ಒರೆಸಿ, ಎಣ್ಣೆ ನೋಡಿ, ಭಾನುವಾರಕ್ಕೆ ಸಿದ್ಧ ಮಾಡುವ ಕೆಲಸ ಅಕ್ಕನದು. ರತ್ನಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಅವಳು ಬಾನೆಟ್ ತೆಗೆದು ಒಳಗೆ ಬಗ್ಗಿದರೆ ಊಟಕ್ಕೆ ಕೂಗಿದರೂ ಏಳುತ್ತಿರಲಿಲ್ಲ. ಅಪ್ಪಯ್ಯನ ಪ್ರಕಾರ ಹೆಣ್ಣುಮಕ್ಕಳು ಕಾರು ತೊಳೆಯಬಹುದು, ಓಡಿಸಬಾರದು. ಏಕೆ ಎಂದು ಯಾರೂ ಕೇಳಿರಲಿಲ್ಲ. ಅಪ್ಪಯ್ಯ ಹೇಳಿದ್ದಕ್ಕೆ ಏಕೆ ಎಂದು ಕೇಳುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ.

ಈಗ ಸ್ವಲ್ಪ ಮಳೆಯ ಮಾತು ಹೇಳಬೇಕು. ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಮಳೆ ಬೀಳುತ್ತದೆ, ಹೂಮಳೆ. ಅದು ಬಿದ್ದ ಒಂದು ವಾರ ಒಂಬತ್ತು ದಿನಕ್ಕೆ ಕಾಫಿ ಹೂವಾಗುತ್ತದೆ. ಹೂವಾದರೆ ವರ್ಷ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಹೂಮಳೆ ನಿಂತ ಕೂಡಲೇ ನಮ್ಮ ಕಡೆಯ ಪ್ಲಾಂಟರುಗಳಿಗೆ ಒಂಥರಾ ಹುಚ್ಚು ಹಿಡಿಯುತ್ತದೆ. ಯಾರ ತೋಟಕ್ಕೆ ಎಷ್ಟು ಸೆಂಟು, ಅಂದರೆ ಇಂಚಿನ ನೂರರಲ್ಲಿ ಎಷ್ಟು ಪಾಲು, ಬಿತ್ತು ಎಂದು ತಿಳಿಯದೆ ಊಟ ಸೇರುವುದಿಲ್ಲ. ಈಗ ಫೋನಿನಲ್ಲೇ ಮುಗಿಯುತ್ತದೆ. ಆಗ ಅಪ್ಪಯ್ಯ ತೋಟದ ಲೆಕ್ಕ ಬರೆಯುವ ರೈಟರನ್ನು ಜೀಪಿನಲ್ಲಿ ಕೂರಿಸಿಕೊಂಡು ತೋಟದಿಂದ ತೋಟಕ್ಕೆ ಹೋಗಿ ವಿಚಾರಿಸಿಕೊಂಡು ಬರುತ್ತಿದ್ದರು. ಇಷ್ಟೆಲ್ಲ ತಿರುಗಿದರೂ ನಿಜ ತಿಳಿಯುತ್ತಿತ್ತೇ ಎಂದರೆ, ಇಲ್ಲ. ತೊಂಬತ್ತು ಸೆಂಟು ಬಿದ್ದವನು ಅರವತ್ತು ಎನ್ನುತ್ತಾನೆ, ದೃಷ್ಟಿ ತಾಗೀತು ಎಂದು. ಕೇಳಿದವನು ಮನಸ್ಸಿನಲ್ಲೇ ಮೂವತ್ತು ಸೇರಿಸಿಕೊಳ್ಳುತ್ತಾನೆ. ಹೀಗೆ ಎಲ್ಲರೂ ಸುಳ್ಳು ಹೇಳಿ ಎಲ್ಲರಿಗೂ ಸರಿಯಾದ ಲೆಕ್ಕ ಸಿಗುವ ವ್ಯವಸ್ಥೆ ನಮ್ಮದು.

ಅಂಥ ಒಂದು ಹೂಮಳೆಯ ದಿನ ಅಪ್ಪಯ್ಯ ಜೀಪಿನಲ್ಲಿ ಹೊರಟ ಕಾಲು ಗಂಟೆಗೆ ಅಕ್ಕ ಮೊಳೆಯಲ್ಲಿ ನೇತುಹಾಕಿದ್ದ ಕೀ ತೆಗೆದುಕೊಂಡಳು. ನನಗೆ ಒಂಬತ್ತು, ಅವಳಿಗೆ ಹತ್ತೊಂಬತ್ತು. ನಾನು ಓಡಿಹೋಗಿ ಎಡಗಡೆಯ ಬಾಗಿಲು ಹಿಡಿದುಕೊಂಡೆ.

“ನಾನೂ ಬರ್ತೀನಿ.”

“ಬೇಡ. ನೀನು ಬಾಯಿಬಡುಕ” ಎಂದಳು ಅಕ್ಕ. ಆಮೇಲೆ ಶಿಳ್ಳೆ ಹಾಕಿ ನಮ್ಮ ನಾಯಿ ಟೈಗರ್‌ನನ್ನು ಕರೆದು ಆ ಸೀಟಿನಲ್ಲಿ ಕೂರಿಸಿಕೊಂಡಳು. “ಇವ್ನು ಯಾರಿಗೂ ಹೇಳಲ್ಲ.”

ಒದ್ದೆ ರಸ್ತೆಯಲ್ಲಿ ಗಿಡ್ಡಿ ಹೋಯಿತು. ಟೈಗರ್ ಒಮ್ಮೆ ಹಿಂತಿರುಗಿ ನನ್ನನ್ನು ನೋಡಿದ. ಆ ನೋಟವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅಪ್ಪಯ್ಯ ಅಂದುಕೊಂಡದ್ದಕ್ಕಿಂತ ಬೇಗ ಬಂದರು. ಶೆಡ್ಡು ಖಾಲಿ. “ಕಾರು ಎಲ್ಲಿ?” ಎಂದು ಕೇಳಿದರು. ಅಮ್ಮ ಅಡುಗೆಮನೆಗೆ ಹೋದಳು. ರೈಟರ್ ಆಕಾಶ ನೋಡಿದರು. ಆ ಮೌನ ಸಾಕಾಗಿತ್ತು, ಇನ್ನು ಸ್ವಲ್ಪ ಹೊತ್ತು ಎಲ್ಲರೂ ಹಾಗೇ ಇದ್ದಿದ್ದರೆ ಅಕ್ಕ ಬಂದು ತಾನೇ ಏನಾದರೂ ಹೇಳಿಕೊಳ್ಳುತ್ತಿದ್ದಳು. ನಾನು ಜಗಲಿಯ ಕಂಬ ಹಿಡಿದುಕೊಂಡು, ನನ್ನನ್ನು ಯಾರೂ ಕೇಳದೆ ಇದ್ದರೂ, ಗಟ್ಟಿಯಾಗಿ ಹೇಳಿದೆ. “ಅಕ್ಕ ತಗೊಂಡ್ಹೋದ್ಳು ಅಪ್ಪಯ್ಯ. ಅತ್ತಿಗುಂಡಿ ಕಡೆಗೆ. ಟೈಗರ್‌ನ ಮುಂದೆ ಕೂರಿಸ್ಕೊಂಡಿದ್ಳು.”

ಅಕ್ಕ ಬಂದಳು. ಒಂದು ಗೀರಿಲ್ಲದೆ, ಒಂದೇ ಸಲಕ್ಕೆ, ಹಿಂದು ಹಿಂದಾಗಿ ತಂದು ಶೆಡ್ಡಿನಲ್ಲಿ ನಿಲ್ಲಿಸಿದಳು. ಅಪ್ಪಯ್ಯನಿಗೆ ಹಾಗೆ ನಿಲ್ಲಿಸಲು ನಾಲ್ಕು ಸಲ ಹಿಂದೆ ಮುಂದೆ ಮಾಡಬೇಕಾಗುತ್ತಿತ್ತು, ಬಹುಶಃ ಅದೇ ಅವರನ್ನು ಹೆಚ್ಚು ಕೆಣಕಿತು. ಅವರು ಕೂಗಾಡಲಿಲ್ಲ. ಕೈ ಚಾಚಿದರು, ಅಕ್ಕ ಕೀ ಕೊಟ್ಟಳು. “ಇನ್ಮೇಲೆ ಸ್ಟೇರಿಂಗ್ ಮುಟ್ಟಕೂಡ್ದು” ಎಂದರು. “ಆಯ್ತು” ಎಂದಳು. ಒಳಗೆ ಹೋಗುವಾಗ ಕಂಬದ ಹತ್ತಿರ ನಿಂತಿದ್ದ ನನ್ನ ಕಡೆ ನೋಡಿದಳು. ಬಯ್ಯಲಿಲ್ಲ. ಬೈದಿದ್ದರೆ ನಾನು ಈ ಪ್ರಬಂಧ ಬರೆಯುತ್ತಲೇ ಇರಲಿಲ್ಲ.

ತಮಾಷೆ ಏನೆಂದರೆ, ಮುಂದಿನ ಭಾನುವಾರ ಗಿಡ್ಡಿ ಸ್ಟಾರ್ಟ್ ಆಗಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಪೇಟೆಯಿಂದ ಒಬ್ಬ ಮೆಕ್ಯಾನಿಕ್ ಬಂದು ಇದರ ಸಾಮಾನು ಇಂಗ್ಲೆಂಡಿನಿಂದಲೇ ಬರಬೇಕು ಎಂದು ಕೈ ತೊಳೆದುಕೊಂಡ. ಅಪ್ಪಯ್ಯ ಬಿಗುಮಾನದವರು. ಕಾರನ್ನು ತಳ್ಳಿಸಿ ಪಲ್ಪರಿನ ಹಿಂದೆ ಹಾಕಿಸಿ, ಆ ವಿಷಯವನ್ನೇ ಎತ್ತಲಿಲ್ಲ. ಅಕ್ಕ ಮದುವೆಯಾಗಿ ಮೂಡಿಗೆರೆಯ ಕಡೆ ಹೋದಳು. ಭಾವನ ತೋಟದಲ್ಲಿ ಮೆಣಸಿನ ಬಳ್ಳಿಯಿಂದ ಹಿಡಿದು ಲಾರಿ ಲೋಡಿನವರೆಗೆ ಎಲ್ಲ ಅವಳದೇ ಯಜಮಾನಿಕೆ. ಕಾರಿನಲ್ಲಿ ಮಾತ್ರ ಹಿಂದಿನ ಸೀಟು. ಅವಳ ಮನೆಯಲ್ಲಿ ನಾಲ್ಕು ಕಾರು ಬದಲಾದವು, ನಾಲ್ಕರಲ್ಲೂ ಅವಳು ಹಿಂದೆ ಕೂತು ಡ್ರೈವರಿಗೆ ಯಾವಾಗ ಗೇರು ಬದಲಿಸಬೇಕು ಎಂದು ಹೇಳುತ್ತಿದ್ದಳು. ಅದನ್ನು ಕೇಳಿದಾಗಲೆಲ್ಲ ನಾನು ಕಿಟಕಿಯಾಚೆ ನೋಡುತ್ತಿದ್ದೆ. ನಲವತ್ತಾರು ವರ್ಷ ಒಂದು ಮಾತಿಗೆ ತಪ್ಪಾಯಿತು ಎಂದು ಹೇಳದೆ ಉಳಿದರೆ, ಆಮೇಲೆ ಹೇಳಲು ಬಾಯಿ ಬರುವುದಿಲ್ಲ. ಬಾಯಿಬಡುಕನಿಗೂ ಬರುವುದಿಲ್ಲ.

ಅದಕ್ಕೇ, ಪಲ್ಪರ್ ಒಯ್ಯಲು ಬಂದ ಗುಜರಿಯವನು “ಅದನ್ನೂ ಹಾಕ್ಲಾ ಸಾರ್?” ಎಂದು ಗಿಡ್ಡಿಯ ಕಡೆ ಕೈ ತೋರಿಸಿದಾಗ ನಾನು ಬೇಡ ಎಂದೆ. ಗಿಡ್ಡಿಯನ್ನು ನಾನೇ ಎಬ್ಬಿಸುತ್ತೇನೆ, ಅಕ್ಕ ಅದನ್ನು ಓಡಿಸಬೇಕು. ಇಷ್ಟೇ ನನ್ನ ಆಸೆ. ವಸಂತಳಿಗೆ ಹೇಳಿದೆ. ಅವಳು ಗಿಡ್ಡಿಯ ಸೀಟಿನಲ್ಲಿ ಮರಿ ಹಾಕಿದ್ದ ಬೆಕ್ಕನ್ನು ನೋಡಿ, ನನ್ನನ್ನು ನೋಡಿ, “ಮೊದ್ಲು ಮಿಕ್ಸಿ ರಿಪೇರಿ ಮಾಡಿ” ಎಂದಳು.

ನನ್ನ ಕೈಗುಣದ ಬಗ್ಗೆ ನನಗೆ ಯಾವತ್ತೂ ಅನುಮಾನವಿದ್ದದ್ದಿಲ್ಲ. ಅನುಮಾನವೆಲ್ಲ ಬೇರೆಯವರಿಗೆ. ಎಂಜಿನ್ ಕಲ್ಲಾಗಿತ್ತು. ಅದಕ್ಕೆ ಇಡೀ ಮಳೆಗಾಲ ಸೀಮೆಎಣ್ಣೆ, ಆಯಿಲು ಕುಡಿಸುತ್ತ ಕೂತೆ. ದಿನಾ ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಗೇರು ಹಾಕಿ ಕಾರನ್ನು ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸುವುದು, ಆಮೇಲೆ ತಿಂಡಿ. ಒಂದು ದಿನ ಕಡುಬು ತಿನ್ನುವ ಮೊದಲು ಅದು ಬೆರಳಿನಷ್ಟು ಜರುಗಿತು. ಆವತ್ತು ಕಡುಬು ಎಷ್ಟು ತಿಂದೆ ಎಂದು ವಸಂತ ಈಗಲೂ ಹೇಳುತ್ತಿರುತ್ತಾಳೆ. ಇಲಿ ತಿಂದಿದ್ದ ವಯರುಗಳನ್ನು ಒಂದೊಂದಾಗಿ ಬದಲಿಸಿದೆ. ತುಕ್ಕು ಹಿಡಿದ ತಳಕ್ಕೆ ಆಲ್ದೂರಿನ ವೆಲ್ಡರ್ ಹೊಸ ತಗಡು ಹಾಕಿಕೊಟ್ಟ. ಜೋಡಿ ಕಾರ್ಬ್ಯುರೇಟರು ಸಮವಾಗಿ ಉಸಿರಾಡುತ್ತಿವೆಯೇ ಎಂದು ತಿಳಿಯಲು ಸ್ಪ್ರೇಯರಿನ ಪೈಪಿನ ಒಂದು ತುದಿಯನ್ನು ಒಂದೊಂದರ ಬಾಯಿಗೆ, ಇನ್ನೊಂದು ತುದಿಯನ್ನು ನನ್ನ ಕಿವಿಗೆ ಹಿಡಿದು ಕೇಳಿದೆ. ನೋಡಿದ ಆಳುಗಳು ಗೌಡ್ರು ಕಾರಿನ ಹತ್ತಿರ ಗುಟ್ಟು ಮಾತಾಡುತ್ತಾರೆ ಎಂದು ಸುದ್ದಿ ಹಬ್ಬಿಸಿದರು. ಮತ್ತೆ ಎಲ್ಲ ನಟ್ಟಿಗೂ ಆ ದಡ್ಡ ಸ್ಪ್ಯಾನರೇ. ಮೂರು ವರ್ಷ ನಮ್ಮ ಮನೆಯ ಶುಂಠಿ ಕಾಫಿಗೆ ಗ್ರೀಸಿನ ಪರಿಮಳವಿತ್ತು.

ಒಂದು ಕಡೆ ಮಾತ್ರ ಎಡವಿದೆ. ಎಡವಿದ್ದೂ ಜಾಣತನದಿಂದಲೇ. ಗಿಡ್ಡಿಯ ಮೈಯೊಳಗೆ ಮರದ ಚೌಕಟ್ಟಿದೆ, ತಗಡನ್ನು ಅದರ ಮೇಲೆ ಬಡಿದಿರುತ್ತಾರೆ. ಆ ಮರವನ್ನೆಲ್ಲ ಗೆದ್ದಲು ತಿಂದಿತ್ತು. ಕಾಫಿಗೆ ನೆರಳಾಗಿದ್ದು ನಮ್ಮ ತೋಟದಲ್ಲೇ ಬಿದ್ದಿದ್ದ ಸಿಲ್ವರ್ ಓಕ್ ಮರ ಕೊಯ್ಯಿಸಿ ಹಲಗೆ ಮಾಡಿಸಿದೆ. ಚೌಕಟ್ಟು ಮಾಡಲು ಒಪ್ಪಿದ್ದ ಶೇಷಾಚಾರ್ರು “ಹಲಗೆ ಒಣಗಿದ ಮೇಲೆ ಹೇಳಿ ಕಳ್ಸಿ” ಎಂದು ಹೋದರು. ಒಣಗಿಸುವ ವಿದ್ಯೆಯನ್ನು ನನಗೆ ಯಾರಾದರೂ ಹೇಳಿಕೊಡಬೇಕೇ? ಮೂರು ತಲೆಮಾರಿನಿಂದ ಕಾಫಿ ಒಣಗಿಸಿದವರು ನಾವು. ಹಲಗೆಗಳನ್ನು ಕಾಫಿ ಕಣದಲ್ಲಿ ಸಾಲಾಗಿ ಹರಡಿಸಿದೆ. ಗಂಟೆಗೊಮ್ಮೆ ಮಗುಚಿಸಿದೆ. ಸಂಜೆಯಾದರೆ ಟಾರ್ಪಾಲು, ಬೆಳಿಗ್ಗೆ ಮತ್ತೆ ಬಿಸಿಲು. ಹಲಗೆ ಎಷ್ಟು ಒಣಗಿದೆ ಎಂದು ನೋಡಲು ಒಂದು ತುಂಡು ಕಚ್ಚಿಯೂ ನೋಡಿದೆ, ನಾವು ಕಾಫಿಬೀಜ ಕಚ್ಚಿ ನೋಡುವ ಹಾಗೆ. ಹನ್ನೆರಡನೇ ದಿನಕ್ಕೆ ಕಟುಂ ಎಂದಿತು. ಶೇಷಾಚಾರ್ರಿಗೆ ಹೇಳಿ ಕಳಿಸಿದೆ.

ಆಚಾರ್ರು ಬಂದು ಕಣದಂಚಿನಲ್ಲಿ ನಿಂತು ಹಲಗೆಗಳನ್ನು ನೋಡಿದರು. ಒಂದನ್ನು ಎತ್ತಿ ಕಣ್ಣಿಗೆ ನೇರವಾಗಿ ಹಿಡಿದರು. ಅದು ಬಿಲ್ಲಾಗಿತ್ತು.

“ಮಾರಾಯ್ರೆ, ಇದು ಮರ. ಕಾಫಿ ಅಲ್ಲ” ಎಂದರು. “ನೆರಳಲ್ಲಿ ಒಂದು ವರ್ಷ ಸುಮ್ನೆ ಬಿಡ್ಬೇಕಿತ್ತು. ಕಾಫಿ ನೆರಳಲ್ಲಿ ಬೆಳ್ಸಿ ಬಿಸಿಲಲ್ಲಿ ಒಣಗಿಸ್ತೀರಿ ಅಂತ ಎಲ್ಲಾದ್ನೂ ಹಂಗೇ ಮಾಡದಾ?”

ಇನ್ನೊಂದು ವರ್ಷ ಕಾಯುವ ತಾಳ್ಮೆ ನನಗಿರಲಿಲ್ಲ. ಅಕ್ಕನಿಗೆ ಆಗಲೇ ಅರವತ್ತೇಳು. ಇರುವುದರಲ್ಲೇ ನೆಟ್ಟಗಿದ್ದದ್ದನ್ನು ಆರಿಸಿ ಚೌಕಟ್ಟು ಮಾಡಿಸಿದೆ. ಆಚಾರ್ರು ಮಾಡಿಕೊಟ್ಟರು, ಆದರೆ ಯಾರಾದರೂ ಕೇಳಿದರೆ ತನ್ನ ಹೆಸರು ಹೇಳಬಾರದು ಎಂದು ಮಾತು ತೆಗೆದುಕೊಂಡರು. ಆ ಮಾತನ್ನು ಈಗ ಮುರಿದಿದ್ದೇನೆ. ಪರಿಣಾಮ ಏನಾಯಿತೆಂದರೆ, ಗಿಡ್ಡಿ ಬಲಕ್ಕೆ ತಿರುಗಿದಾಗಲೆಲ್ಲ ಎಡಗಡೆಯ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಅದಕ್ಕೊಂದು ನಾರಿನ ಹಗ್ಗ ಕಟ್ಟಿದ್ದೇನೆ. ಇಂಗ್ಲೆಂಡಿನಲ್ಲೂ ಹೀಗೇ ಇರುತ್ತದೆ ಎಂದು ಕೇಳಿದವರಿಗೆ ಹೇಳುತ್ತೇನೆ.

ಪ್ರತಿ ಹಂತದ ಫೋಟೋವನ್ನೂ ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ. ನಿಜ ಹೇಳಬೇಕೆಂದರೆ ಒಬ್ಬಳು ನೋಡಲಿ ಎಂದು. ಉಳಿದವರೆಲ್ಲ ಹೂವು, ಚಪ್ಪಾಳೆ ಕಳಿಸುತ್ತಿದ್ದರು. ಅಕ್ಕನಿಂದ ಸದ್ದಿಲ್ಲ. ಸ್ಟೇರಿಂಗ್ ಕೂರಿಸಿದ ಫೋಟೋ ಹಾಕಿದ ದಿನ ಮಾತ್ರ ಬಂತು. “ಹಾರ್ನ್ ಅದಲ್ಲ.” ಎರಡೇ ಪದ. ನಾನು ಹಳೆಯ ಹಾರ್ನು ಹುಡುಕಿ ಹಾಕಿದೆ. ಬಣ್ಣ ಬಳಿದ ಫೋಟೋಗೆ “ಇನ್ನೂ ಕಪ್ಪಿರ್ಬೇಕು” ಎಂದು ಬಂತು. ಮತ್ತೆ ಬಳಿಸಿದೆ. ಅಷ್ಟರಲ್ಲಿ ನಮ್ಮ ರಸ್ತೆಯಲ್ಲೇ ಮೇಲಿನ ಗಿರಿಗೆ ಹೋಗುವ ಪ್ರವಾಸಿಗರಿಗೆ ಸುದ್ದಿ ಸಿಕ್ಕಿ, ಮದುವೆಗೆ ಮೊದಲು ಫೋಟೋ ತೆಗೆಸಿಕೊಳ್ಳುವ ಜೋಡಿಗಳು ಗೇಟಿನ ಹತ್ತಿರ ನಿಂತು “ಅಂಕಲ್, ಒಂದೇ ಒಂದು ಗಂಟೆ ಕೊಡಿ” ಎನ್ನತೊಡಗಿದರು. ಕೊಡಲಿಲ್ಲ. ಮೊದಲು ಕೂರಬೇಕಾದವಳು ಬೇರೆ ಇದ್ದಳು. ಅವಳು ಬರುತ್ತಿರಲಿಲ್ಲ. ಕರೆದರೆ “ನೋಡಕ್ಕೆ ಎಂತ ಇದೆ ಅದ್ರಲ್ಲಿ” ಎಂದು ಫೋನ್ ಇಡುತ್ತಿದ್ದಳು. ಭಾವ ಮಾತ್ರ ದಿನಾ ವಿಚಾರಿಸುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ತುಂಬ ಹೆದರುತ್ತಾರೆ, ಮತ್ತು ನನ್ನ ಕೈಗುಣದ ಮೇಲೆ ಒಂದು ಚೂರೂ ನಂಬಿಕೆಯಿಲ್ಲ. “ಏ ಚಂದ್ರು, ನಿನ್ನ ಗಿಡ್ಡಿ ಎದ್ದು ನಿಂತ ದಿನ ಮೂಡಿಗೆರೆಗೆಲ್ಲ ಪಾಯ್ಸ ಹಾಕಿಸ್ತೀನಿ” ಎನ್ನುವರು.

ಈ ವರ್ಷ ಹೂಮಳೆ ಚೆನ್ನಾಗಿ ಬಿತ್ತು. ಎಂಟನೇ ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ, ಮನೆಯೊಳಗೆ ಕೂತರೂ ಹೂವಿನ ವಾಸನೆ. ಅವತ್ತು ಬೆಳಿಗ್ಗೆ ಹೇಳದೆ ಕೇಳದೆ ಅಕ್ಕನ ಕಾರು ಅಂಗಳಕ್ಕೆ ಬಂತು. ಹಿಂದಿನ ಸೀಟಿನಿಂದ ಇಳಿದು, ಡ್ರೈವರನ್ನು ತಿಂಡಿ ತಿನ್ನಲು ಕಳಿಸಿ, ನೆಟ್ಟಗೆ ಶೆಡ್ಡಿಗೆ ಹೋದಳು. ನಾನೂ ವಸಂತಳೂ ಹಿಂದೆಯೇ ಹೋದೆವು.

ಅಕ್ಕ ಗಿಡ್ಡಿಯನ್ನು ಒಂದು ಸುತ್ತು ಬಂದಳು. ಹಗ್ಗ ನೋಡಿದಳು, ಏನೂ ಕೇಳಲಿಲ್ಲ. ನಾನು ಗತ್ತಿನಿಂದ ಒಳಗೆ ಕೂತು ಕೀ ತಿರುಗಿಸಿದೆ. ಮೂರು ವರ್ಷ ಇದೇ ಘಳಿಗೆಗಾಗಿ ಕೈ ಮಸಿ ಮಾಡಿಕೊಂಡವನು ನಾನು. ಎಂಜಿನ್ ಗೊರಗೊರ ಎಂದಿತು, ಹತ್ತಲಿಲ್ಲ. ಮತ್ತೆ ತಿರುಗಿಸಿದೆ. ಇಲ್ಲ. ನಿನ್ನೆ ಸಂಜೆ ಮೊದಲ ಸಲಕ್ಕೇ ಹತ್ತಿತ್ತು ಎಂದು ವಸಂತಳನ್ನು ಸಾಕ್ಷಿ ಕರೆದೆ. ಅವಳು ಹೌದು ಎಂದಳು. ಮೂರನೇ ಸಲ ತಿರುಗಿಸಿದೆ.

“ಇಳಿ” ಎಂದಳು ಅಕ್ಕ.

ಇಳಿದೆ. ಅಕ್ಕ ಬಾನೆಟ್ಟಿನ ಮಗ್ಗುಲು ಎತ್ತಿದಳು. ಎಡಗಾಲಿನ ಚಪ್ಪಲಿ ಕೈಗೆ ತೆಗೆದುಕೊಂಡು, ಒಂದು ಕೈಯಲ್ಲಿ ಸೆರಗು ಹಿಡಿದು ಬಗ್ಗಿ, ಪೆಟ್ರೋಲ್ ಪಂಪಿನ ತಲೆಯ ಮೇಲೆ ಚಪ್ಪಲಿಯ ಹಿಮ್ಮಡಿಯಿಂದ ಎರಡು ಏಟು ಕೊಟ್ಟಳು. ಮೆಲ್ಲಗೆ, ನಿದ್ದೆ ಮಾಡುವ ಮಗುವನ್ನು ಎಬ್ಬಿಸುವ ಹಾಗೆ. ಪಂಪು ಟಿಕ್ ಟಿಕ್ ಎನ್ನಲು ಶುರು ಮಾಡಿತು. ಚಪ್ಪಲಿ ಹಾಕಿಕೊಂಡು, ಸ್ಟೇರಿಂಗ್ ಮುಂದೆ ಕೂತು, ಕೀ ತಿರುಗಿಸಿದಳು. ಗಿಡ್ಡಿ ಒಂದೇ ಸಲಕ್ಕೆ ಹತ್ತಿತು.

ನಾನು ಬಗ್ಗಿ ಪಂಪನ್ನೇ ನೋಡಿದೆ. “ನಿಂಗೆ ಹೆಂಗೆ ಗೊತ್ತು ಇದು?”

“ಅದು ಯಾವಾಗ್ಲೂ ಹಂಗೇ. ಒಂದು ದಿನ ಬಿಟ್ಟು ಒಂದು ದಿನ ಹಿಡ್ಕೊಳ್ತದೆ. ಭಾನುವಾರ ಬೆಳಿಗ್ಗೆ ಅಪ್ಪಯ್ಯ ಬರೋದ್ರೊಳಗೆ ನಾನು ಎರಡು ಬಡಿದು ಇಡ್ತಿದ್ದೆ. ಕೀ ಕೊಟ್ಟ ಮೇಲೆ ಬಿಟ್ಟೆ.”

“ನೀನು ಓಡಿಸಿದ್ದು ಅದೊಂದು ಸಲ ಅಲ್ವಾ?”

“ನಿಂಗೆ ಗೊತ್ತಾಗಿದ್ದು ಒಂದು ಸಲ” ಎಂದಳು ಅಕ್ಕ.

ಹಾಗಾದರೆ ಆ ಭಾನುವಾರ ಗಿಡ್ಡಿ ಹತ್ತದೆ ಇದ್ದದ್ದು, ಮೆಕ್ಯಾನಿಕ್ ಬಂದು ಹೋದದ್ದು, ಅದು ನಲವತ್ತಾರು ವರ್ಷ ಗೋಣಿಯ ಕೆಳಗೆ ಮಲಗಿದ್ದು, ಎಲ್ಲಕ್ಕೂ ಮದ್ದು ಇವಳ ಚಪ್ಪಲಿಯಲ್ಲಿತ್ತು. “ಅಪ್ಪಯ್ಯಂಗೆ ಹೇಳ್ಬೋದಿತ್ತಲ್ಲ ಅಕ್ಕ” ಎಂದೆ.

“ಅವ್ರು ಕೇಳ್ಲಿಲ್ಲ.”

ಅವರು ಕೇಳಲಿಲ್ಲ, ನಾನೂ ಕೇಳಿರಲಿಲ್ಲ. ಮೂರು ವರ್ಷ ಫೋಟೋ ಕಳಿಸಿದೆನೇ ಹೊರತು, ಅಕ್ಕ ಇದು ಹೇಗೆ ಎಂದು ಒಂದು ಮಾತು ಕೇಳಿರಲಿಲ್ಲ. ಈಗ ಕೇಳಬೇಕಾದದ್ದು, ಹೇಳಬೇಕಾದದ್ದು ಬಹಳ ಇತ್ತು. ಬಾಯಿಂದ ಹೊರಟದ್ದು ಮಾತ್ರ ಬೇರೆ. “ಲೈಸೆನ್ಸ್ ಇಲ್ದೆ ರಸ್ತೆಗೆ ಹೋಗಂಗಿಲ್ಲ ಅಕ್ಕ. ಗೇಟಿನ ಒಳಗೇ ಒಂದು ಸುತ್ತು…”

ಅಕ್ಕ ಸೊಂಟದ ಪರ್ಸಿನಿಂದ ಒಂದು ಕಾರ್ಡ್ ತೆಗೆದು ನನ್ನ ಮುಂದೆ ಹಿಡಿದಳು. ಹೊಸ ಲೈಸೆನ್ಸು. ಫೋಟೋದಲ್ಲೂ ಹೀಗೇ ಬಿಗಿದುಕೊಂಡು ಕೂತಿದ್ದಾಳೆ. ನಾನು ಸ್ಟೇರಿಂಗಿನ ಫೋಟೋ ಹಾಕಿದ ಮೇಲೆ ಮೂಡಿಗೆರೆಯಲ್ಲಿ ಡ್ರೈವಿಂಗ್ ಸ್ಕೂಲಿಗೆ ಸೇರಿದ್ದಳಂತೆ. ಮನೆಯಲ್ಲಿ ಮಹಿಳಾ ಸಂಘದ ಮೀಟಿಂಗು ಎಂದು ಹೇಳಿ ಹೋಗುತ್ತಿದ್ದಳಂತೆ.

“ಭಾವಂಗೆ ಗೊತ್ತಾ?”

“ಅವ್ರೂ ಕೇಳ್ಲಿಲ್ಲ” ಎಂದು ಎಡಗಡೆಯ ಸೀಟಿನ ಕಡೆ ತಿರುಗಿದಳು.

ನಾನು ಆಗಲೇ ಆ ಬಾಗಿಲ ಹತ್ತಿರ ಹೋಗಿ ಹಗ್ಗಕ್ಕೆ ಕೈ ಹಾಕಿದ್ದೆ.

“ನೀನಲ್ಲ. ವಸಂತ, ಬಾರೇ.”

ವಸಂತ ನನ್ನ ಮುಖ ನೋಡಿದಳು. ಆಮೇಲೆ, ಒಂದು ಕ್ಷಣವೂ ತಡಮಾಡದೆ, ಸೀರೆ ಎತ್ತಿ ಹತ್ತಿ ಕೂತಳು. ಮೊದಲು ಮಿಕ್ಸಿ ರಿಪೇರಿ ಮಾಡಿ ಎಂದವಳು ಇವಳೇ. ಅಕ್ಕ ತನ್ನ ಫೋನನ್ನು ನನ್ನ ಕೈಗಿಟ್ಟಳು. “ಇದನ್ನ ಹಿಡ್ಕೋ. ಬಂದ್ರೆ ಮಾತಾಡು” ಎಂದಳು. ಗಿಡ್ಡಿ ಬಿಳಿ ಹೂವಿನ ಮಧ್ಯದ ದಾರಿಯಲ್ಲಿ ಇಳಿದು, ಗೇಟು ದಾಟಿ, ಅತ್ತಿಗುಂಡಿಯ ಕಡೆಗೆ ಏರಿತು. ಎರಡನೇ ಗೇರಿನ ಸದ್ದು ತಿರುವಿನವರೆಗೂ ಕೇಳಿಸಿತು. ನಾನು ಬಂದು ಅದೇ ಜಗಲಿಯಲ್ಲಿ, ಅದೇ ಕಂಬಕ್ಕೆ ಒರಗಿ ಕೂತೆ. ಐವತ್ತೆಂಟು ವರ್ಷದ ಮನುಷ್ಯನಿಗೂ ಸೀಟು ಸಿಗದಿದ್ದರೆ ಅಳು ಬರುತ್ತದೆ ಎಂದು ತಿಳಿಯಿತು.

ಹತ್ತು ನಿಮಿಷಕ್ಕೆ ಫೋನ್ ಬಂತು. ಭಾವ.

“ಯಾರು, ಚಂದ್ರುನಾ? ಹೂಮಳೆ ನಿಜಕ್ಕೂ ಎಷ್ಟು ಬಿತ್ತು ಮಾರಾಯ ನಿಮ್ಮಲ್ಲಿ?”

“ಒಂದು ಅರವತ್ತು ಸೆಂಟು ಬಿದ್ದಿರ್ಬೋದು ಭಾವ” ಎಂದೆ. ಬಿದ್ದದ್ದು ತೊಂಬತ್ತು.

“ರತ್ನ ಎಲ್ಲಿ? ಫೋನು ನಿನ್ನ ಹತ್ರ ಇದೆಯಲ್ಲ.”

“ಹಿತ್ಲಲ್ಲಿ ವಸಂತನ ಜೊತೆ ಹೂವು ನೋಡ್ತಿದ್ದಾಳೆ.”

ಭಾವನ ದನಿ ಸಣ್ಣಗಾಯಿತು. “ಬೆಳಿಗ್ಗೆಯಿಂದ ಎದೆ ಒಂಥರಾ ಹೊಡ್ಕೊಳ್ತಿದೆ ಕಣೋ. ಆ ಕಾರೇನಾದ್ರೂ ತಗೊಂಡು ಹೋಗಿಲ್ಲ ತಾನೆ? ನಿಜ ಹೇಳು.”

ಕಾರು ಎಲ್ಲಿ? ಅದೇ ಪ್ರಶ್ನೆ, ಅದೇ ಕಂಬ, ಗೇಟಿನಾಚೆ ಅದೇ ರಸ್ತೆ. ಆದರೆ ಹೋಗಿಲ್ಲ ಎಂದರೆ ಸಾಲದು, ಭಾವ ನಂಬುವವರಲ್ಲ. ಅವರು ತಕ್ಷಣ ನಂಬುವ ಸುಳ್ಳು ಒಂದೇ ಒಂದಿತ್ತು. ಅದನ್ನು ಹೇಳಲು ನನ್ನ ಮೂರು ವರ್ಷವನ್ನೂ ಒಟ್ಟಿಗೆ ನುಂಗಬೇಕಾಯಿತು.

“ಎಲ್ಲಿಗೆ ಹೋಗೋದು ಭಾವ. ಗಿಡ್ಡಿ ಸ್ಟಾರ್ಟೇ ಆಗ್ಲಿಲ್ಲ.”

ಆ ಕಡೆಯಿಂದ ನಗು ಶುರುವಾಯಿತು. ಎಷ್ಟು ಹೊತ್ತು ನಕ್ಕರೆಂದರೆ ನಾನು ಫೋನನ್ನು ಕಿವಿಯಿಂದ ದೂರ ಹಿಡಿದೆ. “ನಂಗೊತ್ತಿತ್ತು ಮಾರಾಯ, ನಂಗೊತ್ತಿತ್ತು” ಎಂದರು. ಉಸಿರು ಎಳೆದುಕೊಂಡು, “ತಾಳು, ಇಲ್ಲಿ ನಾಲ್ಕು ಜನ ಕೂತಿದ್ದಾರೆ, ಅವ್ರಿಗೆ ಹೇಳ್ತೀನಿ” ಎಂದು ಫೋನ್ ಇಟ್ಟರು. ಮೂಡಿಗೆರೆಯಲ್ಲಿ ನಾಲ್ಕು ಜನ ಎಂದರೆ ಮಧ್ಯಾಹ್ನದೊಳಗೆ ನಾನೂರು ಜನ.

ಅಕ್ಕ ಬರುವಾಗ ಸೂರ್ಯ ನೆತ್ತಿಯ ಹತ್ತಿರ ಬಂದಿದ್ದ. ವಸಂತಳ ಜಡೆ ಬಿಚ್ಚಿಹೋಗಿತ್ತು, ಎರಡೂ ಕೈಯಲ್ಲಿ ಬಾಗಿಲು ಹಿಡಿದುಕೊಂಡು ಕೂತು ನಗುತ್ತಿದ್ದಳು. ಅಕ್ಕನ ಕನ್ನಡಕದ ಮೇಲೆ ಧೂಳು. ಎಂಜಿನ್ ಆರಿಸದೆ, ಸ್ಟೇರಿಂಗಿನ ಮೇಲೆ ಕೈ ಇಟ್ಟುಕೊಂಡೇ ಕೇಳಿದಳು.

“ಫೋನ್ ಬಂತಾ?”

“ಬಂತು. ಭಾವಂದು.”

“ಏನಂದೆ?”

“ಗಿಡ್ಡಿ ಸ್ಟಾರ್ಟ್ ಆಗ್ಲಿಲ್ಲ ಅಂದೆ.”

ಅಕ್ಕ ನನ್ನನ್ನು ನೋಡಿದಳು. ಅವತ್ತು ಒಳಗೆ ಹೋಗುವಾಗ ನೋಡಿದ್ದಳಲ್ಲ, ಹಾಗೆಯೇ, ಅಷ್ಟೇ ಹೊತ್ತು. “ಊರಿಗೆಲ್ಲ ಹೇಳ್ಕೊಂಡು ನಗ್ತಾರೆ ಅವ್ರು” ಎಂದಳು.

“ನಗ್ಲಿ ಬಿಡು.”

ಅಕ್ಕ ಸೆರಗಿನ ತುದಿಯಿಂದ ಕನ್ನಡಕ ಒರೆಸಿದಳು. ಸ್ವಲ್ಪ ಹೆಚ್ಚೇ ಹೊತ್ತು ಒರೆಸಿದಳು. ಆಮೇಲೆ, “ವಸಂತ, ಇಳಿಯೇ” ಎಂದಳು. ನನ್ನ ಕಡೆ ನೋಡದೆ, ಖಾಲಿಯಾದ ಸೀಟಿನ ಮೇಲೆ ಕೈ ತಟ್ಟಿದಳು.

“ಬಾರೋ ಪುಟ್ಟ. ಹತ್ಕೋ.”

ಹತ್ತಿ ಕೂತು ಹಗ್ಗ ಕಟ್ಟಿಕೊಂಡೆ. ಗೇಟಿನ ಹತ್ತಿರ ಅಕ್ಕ ಬಲಕ್ಕೆ ತಿರುಗಿಸಿದಳು. ನಾನು ಎರಡೂ ಕೈಯಲ್ಲಿ ಬಾಗಿಲು ಹಿಡಿದುಕೊಂಡು, ಅತ್ತಿಗುಂಡಿಯವರೆಗೂ, ಒಂದು ಮಾತೂ ಆಡದೆ ಕೂತಿದ್ದೆ.